ಲ್ಯಾಪ್‌ಟಾಪಿನಿಂದ ನಿಜವಾದ 5.1 ಸದ್ದು ಪಡೆಯುವುದು ಹೇಗೆ: ಕೊಳ್ಳುವ ಮೊದಲಿನಿಂದ ಕೊನೆಯ ವೈರಿನ ತನಕ

"ಐದು ಸ್ಪೀಕರ್ರು, ಒಂದು ವೂಫರ್ರು ಎಲ್ಲಾ ತಂದಿದೀನಿ ಸಾರ್. ಹಿಂದ್ಗಡೆ ಎರಡೂ ಮುಂದ್ಗಡೆದನ್ನೇ ಒದರ್ತವೆ." ಮೈಸೂರು, ಮಂಡ್ಯ ಎರಡೂ ಕಡೆಯ ಗೆಳೆಯರಿಂದ, ನೆಂಟರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಇದು. ಇದರ ಜೊತೆಗೇ ಬರುವ ಇನ್ನೊಂದು: "ಹಾಡು, ಫೈಟು ಮನೆ ನಡುಗೋ ಹಾಗೆ ಬರುತ್ತೆ, ಮಾತು ಮಾತ್ರ ಕೇಳಲ್ಲ."

ಎರಡಕ್ಕೂ ಬೇರು ಒಂದೇ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಹೊರಗೆ ಬರುವುದು ಎರಡೇ ಚಾನೆಲ್ (ಸದ್ದಿನ ಬೇರೆ ಬೇರೆ ಹರಿವು), ಎಡ ಮತ್ತು ಬಲ. ಅದನ್ನು ಆರು ಸ್ಪೀಕರಿಗೆ ಹಂಚಿದರೆ ಸ್ಪೀಕರ್ ಹೆಚ್ಚುತ್ತದೆಯೇ ಹೊರತು ಚಾನೆಲ್ ಹೆಚ್ಚುವುದಿಲ್ಲ. 5.1 ಎಂದರೆ ಮುಂದೆ ಮೂರು, ಹಿಂದೆ ಎರಡು, ಬೇಸ್‌ಗೆ ಒಂದು, ಒಟ್ಟು ಆರು ಚಾನೆಲ್. 5.1 ಮುದ್ರಣದಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿರುತ್ತದೆ. ಆರನ್ನು ಎರಡಕ್ಕೆ ಇಳಿಸುವಾಗ ಆ ಮಾತು ಸಂಗೀತ, ಗದ್ದಲಗಳ ಜೊತೆ ಒಂದೇ ಸ್ಪೀಕರಿನೊಳಗೆ ತುರುಕಿಕೊಂಡು ಮುಳುಗಿಹೋಗುತ್ತದೆ.

ಸದ್ದು ನಿಮ್ಮ ಕಿವಿಗೆ ಬರುವ ದಾರಿ ಹೀಗಿದೆ: ಫೈಲ್, ಪ್ಲೇಯರ್, ವಿಂಡೋಸ್, ಪೋರ್ಟ್, ಕೇಬಲ್, ಆಂಪ್ಲಿಫೈಯರ್, ಸ್ಪೀಕರ್. ಕನ್ನಂಬಾಡಿ ತುಂಬಿದ್ದರೂ ನಾಲೆಯ ತೂಬು ಎಷ್ಟಿದೆಯೋ ಅಷ್ಟೇ ನೀರು ಗದ್ದೆಗೆ. ಏಳರಲ್ಲಿ ಒಂದು ಕಡೆ ಎರಡೇ ಚಾನೆಲ್ ಹಾಯುವಂತಿದ್ದರೆ ಮುಂದಿನದ್ದೆಲ್ಲ ಎರಡೇ. ಆದ್ದರಿಂದ ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಹೆಚ್ಚಿನವರು ಎಡವುವುದು ಐದನೇ ಹಂತದಿಂದ ಶುರು ಮಾಡಿ.

ಕೈಗೆ ಬೇಕಾದ ಸಾಮಾನು

ಅಳತೆ ಟೇಪು, ಸ್ಕ್ರೂಡ್ರೈವರ್, ವೈರ್ ಸಿಪ್ಪೆ ತೆಗೆಯುವ ಕಟರ್, ಒಂದು ಉರುಳೆ ಮಾಸ್ಕಿಂಗ್ ಟೇಪು, ಪೆನ್ನು, ಟಾರ್ಚು. ಸದ್ದಿನ ಮಟ್ಟ ತೋರಿಸುವ ಉಚಿತ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಳ್ಳಿ. ಲ್ಯಾಪ್‌ಟಾಪಿಗೆ ವಿಎಲ್‌ಸಿ ಪ್ಲೇಯರ್ ಇರಲಿ. ಕೇಬಲ್ಲುಗಳನ್ನು ಈಗಲೇ ತರಬೇಡಿ. ಯಾವುದು ಬೇಕೆಂದು ಮೂರನೇ ಹಂತ ಮುಗಿದ ಮೇಲಷ್ಟೇ ಗೊತ್ತಾಗುತ್ತದೆ.

ಹಂತ 1: ಫೈಲಿನಲ್ಲಿ ಆರು ಚಾನೆಲ್ ಇದೆಯೇ ನೋಡಿ

ವಿಎಲ್‌ಸಿಯಲ್ಲಿ ಸಿನಿಮಾ ಓಡುತ್ತಿರುವಾಗ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಕೊಡೆಕ್ ಮಾಹಿತಿಯ, ಅಂದರೆ ಫೈಲಿನ ಚಿತ್ರ, ಸದ್ದು ಯಾವ ರೂಪದಲ್ಲಿವೆ ಎಂದು ತೋರಿಸುವ ಕಿಟಕಿ ತೆರೆಯುತ್ತದೆ. ಆಡಿಯೊ ವಿಭಾಗದಲ್ಲಿ 'ಚಾನೆಲ್ಸ್' ಎಂಬ ಸಾಲು ಹುಡುಕಿ. 'ಸ್ಟೀರಿಯೊ' ಎಂದಿದ್ದರೆ ಆ ಫೈಲಿನಲ್ಲಿ ಎರಡೇ ಚಾನೆಲ್. '3ಎಫ್2ಆರ್/ಎಲ್‌ಎಫ್‌ಇ' ಎಂದಿದ್ದರೆ ಮುಂದೆ ಮೂರು, ಹಿಂದೆ ಎರಡು, ಗುಡುಗಿಗೆ ಒಂದು, ಅಂದರೆ 5.1.

ಎರಡು ಆಡಿಯೊ ಟ್ರ್ಯಾಕ್ ಇರುವ ಫೈಲುಗಳಲ್ಲಿ ಒಂದು ಸ್ಟೀರಿಯೊ, ಇನ್ನೊಂದು 5.1 ಇರುವುದುಂಟು. ಆಡಿಯೊ ಮೆನುವಿನ 'ಆಡಿಯೊ ಟ್ರ್ಯಾಕ್'ನಲ್ಲಿ ಬದಲಿಸಿ ನೋಡಿ. ಬ್ರೌಸರಿನಲ್ಲಿ ನೋಡುವ ವಿಡಿಯೊಗಳು ಸಾಮಾನ್ಯವಾಗಿ ಸ್ಟೀರಿಯೊ, ಹಾಗಾಗಿ ಪರೀಕ್ಷೆಗೆ ಅವನ್ನು ನಂಬಬೇಡಿ. 5.1 ಎಂದು ಖಾತ್ರಿಯಾದ ಫೈಲೊಂದನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಿ, ಕೊನೆಯ ತನಕ ಅದೊಂದೇ ನಿಮ್ಮ ಒರೆಗಲ್ಲು.

ಕಪ್ಪು-ಬಿಳುಪು ಕಾಲದ ಕನ್ನಡ ಚಿತ್ರಗಳ ಬಗ್ಗೆ ಒಂದು ಮಾತು. ಅವುಗಳ ಮೂಲ ಧ್ವನಿ ಒಂದೇ ಚಾನೆಲ್ಲಿನದು. ಮನೆಯ ಹಿರಿಯರಿಗಾಗಿ ಅವನ್ನು ಹಾಕುವಾಗ ಮುಂದಿನ ಸ್ಪೀಕರ್ ಮಾತ್ರ ಮಾತಾಡಿದರೆ ಅದು ದೋಷವಲ್ಲ. ಆಗ ಹಿಂದಿನ ಸ್ಪೀಕರನ್ನು ಬಲವಂತವಾಗಿ ಹಾಡಿಸಲು ಹೋಗಬೇಡಿ, ಮಾತಿನ ಸ್ಪಷ್ಟತೆ ಹಾಳಾಗುತ್ತದೆ.

ಹಂತ 2: ತೂತು ಎಣಿಸಿ

ಲ್ಯಾಪ್‌ಟಾಪಿನ ಎರಡೂ ಬದಿ ಮತ್ತು ಆಂಪ್ಲಿಫೈಯರಿನ ಬೆನ್ನು, ಮೂರಕ್ಕೂ ಟಾರ್ಚು ಹಿಡಿದು ನೋಡಿ, ಫೋಟೊ ತೆಗೆದುಕೊಳ್ಳಿ. ಅಂಗಡಿಗೆ ಹೋಗುವಾಗ ಈ ಮೂರು ಫೋಟೊ ಜೇಬಿನಲ್ಲಿರಲಿ. ಪೆಟ್ಟಿಗೆಯ ಮೇಲೆ ಏನು ಅಚ್ಚಾಗಿದೆ ಎಂಬುದಕ್ಕಿಂತ ಬೆನ್ನಿನಲ್ಲಿ ಯಾವ ತೂತುಗಳಿವೆ ಎಂಬುದೇ ನಿಜ ಹೇಳುತ್ತದೆ.

ಈಗಿನ ಬಹುಪಾಲು ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿಗೂ ಮೈಕಿಗೂ ಸೇರಿ ಒಂದೇ 3.5 ಎಂಎಂ ತೂತು. ಅದರಿಂದ 5.1 ಬರುವುದಿಲ್ಲ, ಯಾವ ಕೇಬಲ್ ಹಾಕಿದರೂ ಬರುವುದಿಲ್ಲ. ಎಚ್‌ಡಿಎಂಐ ಪೋರ್ಟಿನಲ್ಲಿ ಎಂಟು ಚಾನೆಲ್ ತನಕ ಸಂಕುಚನವಿಲ್ಲದೆ ಹೋಗಬಲ್ಲದು. ಯುಎಸ್‌ಬಿ-ಸಿ ಪೋರ್ಟು ಮಾತ್ರ ಇದ್ದರೆ ಎಚ್ಚರ: ಎಲ್ಲ ಸಿ ಪೋರ್ಟುಗಳೂ ಚಿತ್ರ ಮತ್ತು ಸದ್ದನ್ನು ಹೊರಗೆ ಕಳಿಸುವುದಿಲ್ಲ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಗುರುತು ಇದೆಯೇ, ಕೈಪಿಡಿ ಏನು ಹೇಳುತ್ತದೆ ಎಂದು ನೋಡದೆ ಎಚ್‌ಡಿಎಂಐ ಪರಿವರ್ತಕ ಕೊಳ್ಳಬೇಡಿ.

ಆಂಪ್ಲಿಫೈಯರಿನ ಬೆನ್ನಲ್ಲಿ ಕೆಂಪು-ಬಿಳಿ ಆರ್‌ಸಿಎ (ಒಂದೊಂದಕ್ಕೆ ಒಂದೇ ಚಾನೆಲ್ ಹಾಯುವ ದುಂಡು ತೂತು) ಎರಡೇ ಇದ್ದು, ಜೊತೆಗೆ ಬ್ಲೂಟೂತ್, ಪೆನ್‌ಡ್ರೈವ್, ಎಫ್‌ಎಂ ಇದ್ದರೆ ಅದಕ್ಕೆ ಆರು ಸ್ಪೀಕರ್ ಇದ್ದರೂ ಒಳಗೆ ಹೋಗುವುದು ಎರಡೇ ಚಾನೆಲ್. ಆರು ಆರ್‌ಸಿಎ ತೂತು, ಅಥವಾ ಎಚ್‌ಡಿಎಂಐ 'ಇನ್' (ಅಥವಾ ಟಿವಿಯಿಂದ ಸದ್ದು ಪಡೆಯುವ ಎಚ್‌ಡಿಎಂಐ 'ಆರ್ಕ್'), ಅಥವಾ ಬೆಳಕಿನ ಮೂಲಕ ಸದ್ದು ಸಾಗಿಸುವ ಆಪ್ಟಿಕಲ್ ತೂತು ಇದ್ದರೆ ಮಾತ್ರ ಮುಂದೆ ದಾರಿಯುಂಟು. ಇನ್ನೂ ಕೊಂಡಿಲ್ಲವಾದರೆ ಪುಣ್ಯ. ದೇವರಾಜ ಅರಸು ರಸ್ತೆಯ ಅಂಗಡಿಯಾಗಲಿ, ಮಂಡ್ಯದ ವಿ.ವಿ. ರಸ್ತೆಯ ಅಂಗಡಿಯಾಗಲಿ, ಮುಂಭಾಗದ ದೀಪ ನೋಡಿ ಮೆಚ್ಚುವ ಮೊದಲು ಸೆಟ್ಟನ್ನು ತಿರುಗಿಸಿ ಬೆನ್ನು ತೋರಿಸಲು ಕೇಳಿ.

ಹಂತ 3: ನಿಮ್ಮ ದಾರಿ ಆರಿಸಿಕೊಳ್ಳಿ

ಮೊದಲ ದಾರಿ ಎಚ್‌ಡಿಎಂಐ. ರಿಸೀವರ್ (ಡಿಜಿಟಲ್ ಸದ್ದನ್ನೂ ಬಿಡಿಸಬಲ್ಲ ಆಂಪ್ಲಿಫೈಯರ್) ಅಥವಾ ಸೌಂಡ್‌ಬಾರಿನಲ್ಲಿ ಎಚ್‌ಡಿಎಂಐ ಇನ್ ಇದ್ದರೆ ಲ್ಯಾಪ್‌ಟಾಪನ್ನು ನೇರ ಅದಕ್ಕೇ ಹಾಕಿ, ಅಲ್ಲಿಂದ ಟಿವಿಗೆ ಇನ್ನೊಂದು ಕೇಬಲ್ ಎಳೆಯಿರಿ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ: ಲ್ಯಾಪ್‌ಟಾಪಿನಿಂದ ಟಿವಿಗೆ, ಟಿವಿಯಿಂದ ಸೌಂಡ್‌ಬಾರಿಗೆ. ಆಗ ಟಿವಿ 'ನನಗೆ ಎರಡೇ ಸ್ಪೀಕರ್' ಎಂದು ಲ್ಯಾಪ್‌ಟಾಪಿಗೆ ಹೇಳುತ್ತದೆ, ಲ್ಯಾಪ್‌ಟಾಪು ಎರಡೇ ಚಾನೆಲ್ ಕೊಡುತ್ತದೆ. ಟಿವಿ ಮೂಲಕವೇ ಹೋಗಬೇಕಾದರೆ ಟಿವಿಯ ಧ್ವನಿ ಸೆಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು 'ಪಾಸ್ ಥ್ರೂ' (ಬಂದ ಸದ್ದನ್ನು ಹಾಗೆಯೇ ಮುಂದೆ ದಾಟಿಸುವುದು) ಮಾಡಿ ನೋಡಿ. ಟಿವಿ, ಸೌಂಡ್‌ಬಾರ್ ಎರಡರಲ್ಲೂ ಇ-ಆರ್ಕ್ (ಆರ್ಕ್‌ನ ಹೊಸ ರೂಪ) ಇದ್ದರೆ ಸಂಕುಚನವಿಲ್ಲದ 5.1, ಎಂಟು ಚಾನೆಲ್ಲಿನ 7.1 ಹಾಯುತ್ತದೆ. ಹಳೆಯ ಆರ್ಕ್ ಮಾತ್ರ ಇದ್ದರೆ ಡಾಲ್ಬಿ ಡಿಜಿಟಲ್‌ನಂಥ ಸಂಕುಚಿತ ರೂಪದಲ್ಲಷ್ಟೇ 5.1.

ಎರಡನೇ ದಾರಿ ಯುಎಸ್‌ಬಿ ಸೌಂಡ್ ಕಾರ್ಡು. ಆರು ಆರ್‌ಸಿಎ ತೂತಿರುವ, ಡಿವಿಡಿ ಪ್ಲೇಯರ್ ಕಾಲದ ಗಟ್ಟಿ ಆಂಪ್ಲಿಫೈಯರು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿದೆ. ಅದಕ್ಕೆ ಇದೇ ಸರಿಯಾದ ದಾರಿ, ನನಗೆ ಬಹಳ ಇಷ್ಟವಾದದ್ದೂ ಇದೇ. ಆದರೆ ಕಾರ್ಡು ಕೊಳ್ಳುವಾಗ ಮತ್ತೆ ತೂತು ಎಣಿಸಿ. ಕಾರ್ಡಿನ ಒಂದು 3.5 ಎಂಎಂ ತೂತಿನಿಂದ ಎರಡು ಚಾನೆಲ್ ಹೊರಡುತ್ತದೆ. 5.1 ಬೇಕಾದರೆ ಮೈಕ್ ಬಿಟ್ಟು ಮೂರು ಔಟ್‌ಪುಟ್ ತೂತು ಇರಲೇಬೇಕು. ಹೆಬ್ಬೆರಳಿನಷ್ಟು ಉದ್ದದ, ಒಂದು ಹೆಡ್‌ಫೋನ್ ತೂತು, ಒಂದು ಮೈಕ್ ತೂತು ಇರುವ ಕಡ್ಡಿಯ ಮೇಲೆ '7.1' ಎಂದು ಬರೆದಿದ್ದರೂ ಅದರಿಂದ ಬರುವುದು ಸ್ಟೀರಿಯೊ. ಈ ಕಡ್ಡಿಗೆ ಮೋಸಹೋದವರನ್ನು ನಾನು ಬಹಳ ಮಂದಿ ನೋಡಿದ್ದೇನೆ, ಮೊದಲ ಸಲ ನಾನೂ ಅದನ್ನೇ ತಂದಿದ್ದೆ. ಸರಿಯಾದ ಕಾರ್ಡಿನ ಜೊತೆ 3.5 ಎಂಎಂನಿಂದ ಎರಡು ಆರ್‌ಸಿಎಗೆ ಹೋಗುವ ಕೇಬಲ್ ಮೂರು ತನ್ನಿ.

ಮೂರನೆಯದು ಆಪ್ಟಿಕಲ್. ಇದರಲ್ಲಿ ಹಾಯುವುದು ಎರಡು ಚಾನೆಲ್ಲಿನ ಪಿಸಿಎಂ (ಸಂಕುಚನವಿಲ್ಲದ ಸದ್ದು), ಇಲ್ಲವೇ ಡಾಲ್ಬಿ ಡಿಜಿಟಲ್, ಡಿಟಿಎಸ್‌ನಂಥ ಸಂಕುಚಿತ 5.1. ಫೈಲಿನ ಧ್ವನಿ ಎಎಸಿ ಎಂಬ ಬೇರೆ ಸಂಕುಚಿತ ರೂಪದ 5.1 ಆಗಿದ್ದರೆ, ಅಥವಾ ಗೇಮ್ ಆಗಿದ್ದರೆ, ಅದನ್ನು ಆ ಕ್ಷಣವೇ ಡಾಲ್ಬಿ ಡಿಜಿಟಲ್‌ಗೆ ಮಾರ್ಪಡಿಸುವ ಸೌಲಭ್ಯ ಡ್ರೈವರಿನಲ್ಲಿ (ಸೌಂಡ್ ಸಾಧನವನ್ನು ನಡೆಸುವ ಸಾಫ್ಟ್‌ವೇರಿನಲ್ಲಿ) ಇಲ್ಲದಿದ್ದರೆ ಸ್ಟೀರಿಯೊ ಮಾತ್ರ. ಬೇರೆ ದಾರಿ ಇದ್ದರೆ ಇದನ್ನು ಬಿಡಿ.

ಬ್ಲೂಟೂತನ್ನು ಸರೌಂಡ್ ಪಟ್ಟಿಯಿಂದಲೇ ತೆಗೆಯಿರಿ. ಲ್ಯಾಪ್‌ಟಾಪಿನಿಂದ ಹಾಡು ಕಳಿಸುವ ಮಾಮೂಲಿ ಬ್ಲೂಟೂತ್ ಸ್ಟೀರಿಯೊ ಮಾತ್ರ.

ಹಂತ 4: ಕರೆಂಟು ತೆಗೆದು ಜೋಡಿಸಿ

ಆಂಪ್ಲಿಫೈಯರಿನ ಪ್ಲಗ್ ಕಿತ್ತಿಟ್ಟು ಕೆಲಸ ಶುರು ಮಾಡಿ. ಸ್ಪೀಕರ್ ವೈರಿನ ಎರಡು ತಂತಿ ಒಂದಕ್ಕೊಂದು ತಗುಲಿದ ಸ್ಥಿತಿಯಲ್ಲಿ ಸ್ವಿಚ್ ಹಾಕಿದರೆ ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ಐಸಿ (ಚಿಪ್) ಸುಟ್ಟುಹೋಗಬಹುದು. ಸಿಪ್ಪೆ ತೆಗೆದ ತುದಿಯನ್ನು ಬಿಗಿಯಾಗಿ ಹೊಸೆದು, ಒಂದು ಎಳೆಯೂ ಹೊರಗೆ ಚಾಚದಂತೆ ಸಿಕ್ಕಿಸಿ. ಹಿಂದಿನ ಸ್ಪೀಕರಿಗೆ ಸೆಟ್ಟಿನ ಜೊತೆ ಬರುವ ಕೂದಲೆಳೆಯಂಥ ವೈರನ್ನು ಗಂಟು ಹಾಕಿ ಉದ್ದ ಮಾಡಬೇಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 1.5 ಚದರ ಎಂಎಂ ತಾಮ್ರದ ವೈರು ಹತ್ತು ಮೀಟರಿಗೂ ಸಾಕು.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರ್ ಅದಲುಬದಲಾದರೂ ಬೇಸ್ ತೆಳುವಾಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ವೈರಿನ ಬಣ್ಣ ಅಳಿಸಿಹೋಗಿದ್ದರೆ ವೈರನ್ನು ಆಂಪ್ಲಿಫೈಯರಿನಿಂದ ಪೂರ್ತಿ ಬಿಡಿಸಿ, ಅದರ ತುದಿಗಳಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಅರೆಕ್ಷಣ ಮುಟ್ಟಿಸಿ. ಸ್ಪೀಕರಿನ ಕೋನ್ (ಅದುರುವ ಬಟ್ಟಲು) ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಗುಲಿದ ತಂತಿಯೇ ಪ್ಲಸ್. ಅದಕ್ಕೆ ಮಾಸ್ಕಿಂಗ್ ಟೇಪಿನ ಗುರುತು ಹಾಕಿ.

ಯುಎಸ್‌ಬಿ ಕಾರ್ಡಿನ ದಾರಿ ಹಿಡಿದವರಿಗೆ ಬಣ್ಣದ ಲೆಕ್ಕ: ಹಸಿರು ತೂತು ಮುಂದಿನ ಎಡ-ಬಲಕ್ಕೆ, ಕಪ್ಪು ಹಿಂದಿನ ಎಡ-ಬಲಕ್ಕೆ, ಕಿತ್ತಳೆ ನಡುವಿನ ಸ್ಪೀಕರ್ ಮತ್ತು ಸಬ್‌ವೂಫರಿಗೆ. ಕಾರ್ಡಿನ ಮೇಲೆ ಬಣ್ಣವಿಲ್ಲದಿದ್ದರೆ ಅಚ್ಚಾದ ಹೆಸರು ನೋಡಿ.

ಹಂತ 5: ವಿಂಡೋಸ್‌ಗೆ ಹೇಳಿ

ಇಲ್ಲಿ ಅವಸರ ಬೇಡ. ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಸಿಸ್ಟಮ್, ಸೌಂಡ್ ತೆರೆದು ಕೆಳಗೆ 'ಮೋರ್ ಸೌಂಡ್ ಸೆಟಿಂಗ್ಸ್' ಒತ್ತಿ. 'ಪ್ಲೇಬ್ಯಾಕ್' ಪಟ್ಟಿಯಲ್ಲಿ ನಿಮ್ಮ ಯುಎಸ್‌ಬಿ ಕಾರ್ಡ್ ಅಥವಾ ರಿಸೀವರಿನ ಹೆಸರು ಇರಬೇಕು. ಅದನ್ನು ಒತ್ತಿ 'ಸೆಟ್ ಡೀಫಾಲ್ಟ್' ಮಾಡಿ, ಆಮೇಲೆ ಎಡಗಡೆಯ 'ಕಾನ್ಫಿಗರ್' ಗುಂಡಿ ಒತ್ತಿ, '5.1 ಸರೌಂಡ್' ಆರಿಸಿ, 'ಟೆಸ್ಟ್' ಒತ್ತಿ.

ಈಗ ಸ್ಪೀಕರುಗಳು ಒಂದೊಂದಾಗಿ ಸದ್ದು ಮಾಡುತ್ತವೆ. ಪರದೆಯ ಮೇಲೆ ಯಾವ ಸ್ಪೀಕರ್ ಹೊಳೆಯುತ್ತದೋ ಅದೇ ಕೋಣೆಯಲ್ಲೂ ಸದ್ದು ಮಾಡಬೇಕು. ಒಬ್ಬರು ಪರದೆ ನೋಡಲಿ, ಇನ್ನೊಬ್ಬರು ಸ್ಪೀಕರಿನ ಹತ್ತಿರ ಕಿವಿ ಕೊಟ್ಟು ಹೇಳಲಿ. ನಡುವಿನ ಸ್ಪೀಕರ್ ಹೊಳೆದಾಗ ಸಬ್‌ವೂಫರ್ ಗೊಣಗಿದರೆ ಕಿತ್ತಳೆ ಕೇಬಲ್ಲಿನ ಎರಡು ಆರ್‌ಸಿಎ ಅದಲುಬದಲಾಗಿವೆ ಎಂದರ್ಥ. ಆಂಪ್ಲಿಫೈಯರ್ ಬದಿಯಲ್ಲಿ ಆ ಎರಡನ್ನು ಅತ್ತಿತ್ತ ಮಾಡಿ. ಈ ಒಂದು ತಪ್ಪಿನಿಂದ ಮಾತು ಮಣ್ಣುಮಡಕೆಯೊಳಗಿಂದ ಬಂದಂತಾಗಿ, ಸ್ಪೀಕರೇ ಕೆಟ್ಟಿದೆ ಎಂದು ರಿಪೇರಿಗೆ ಹೊತ್ತೊಯ್ದವರಿದ್ದಾರೆ.

ಮುಂದಿನ ಪುಟದಲ್ಲಿ 'ಫುಲ್ ರೇಂಜ್ ಸ್ಪೀಕರ್ಸ್' ಎಂದು ಕೇಳುತ್ತದೆ. ಅಂಗೈ ಅಗಲದ ಸ್ಪೀಕರುಗಳಾದರೆ ಟಿಕ್ ತೆಗೆಯಿರಿ. ಡ್ರೈವರ್ ಒಪ್ಪಿದರೆ ಅವುಗಳ ಬೇಸ್ ಸಬ್‌ವೂಫರಿಗೆ ಹೋಗುತ್ತದೆ. ರಿಸೀವರಿನಲ್ಲೇ ಈ ವ್ಯವಸ್ಥೆ ಇದ್ದರೆ ಇಲ್ಲಿ ಟಿಕ್ ಇರಲಿ. ರಿಸೀವರಿನ ಕ್ರಾಸ್‌ಓವರನ್ನು (ಯಾವ ಮಟ್ಟಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ, ಸ್ಪೀಕರ್ ತೀರಾ ಚಿಕ್ಕದಾದರೆ ಏರಿಸಿ.

ಪಟ್ಟಿಯಲ್ಲಿ 5.1 ಕಾಣಿಸದೆ ಸ್ಟೀರಿಯೊ ಮಾತ್ರ ಇದ್ದರೆ ಅದು ಎಚ್ಚರಿಕೆಯ ಗಂಟೆ. ವಿಂಡೋಸನ್ನು ಬಯ್ಯುವ ಮೊದಲು ಎರಡನೇ ಹಂತಕ್ಕೆ ಹಿಂದಿರುಗಿ. ಎಚ್‌ಡಿಎಂಐ ಆದರೆ ಅದೇ ಸಾಧನದ 'ಪ್ರಾಪರ್ಟೀಸ್' ತೆರೆದು 'ಸಪೋರ್ಟೆಡ್ ಫಾರ್ಮ್ಯಾಟ್ಸ್' ನೋಡಿ. ಎದುರಿನ ಪೆಟ್ಟಿಗೆ ಎಷ್ಟು ಚಾನೆಲ್ ಒಪ್ಪುತ್ತೇನೆಂದು ಹೇಳಿದೆಯೋ ಅದು ಅಲ್ಲಿ ಬರೆದಿರುತ್ತದೆ. ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ಕಂಪನಿಯ ತಾಣದಿಂದಲೇ ತನ್ನಿ, 'ಎಲ್ಲ ಡ್ರೈವರ್ ಹೊಸದು ಮಾಡುತ್ತೇನೆ' ಎನ್ನುವ ಸಾಫ್ಟ್‌ವೇರುಗಳ ತಂಟೆಗೆ ಹೋಗಬೇಡಿ.

ಉಬುಂಟು ಬಳಸುವವರು ಪಲ್ಸ್ ಆಡಿಯೊ ವಾಲ್ಯೂಮ್ ಕಂಟ್ರೋಲಿನ 'ಕಾನ್ಫಿಗರೇಶನ್' ಪುಟದಲ್ಲಿ ಸರೌಂಡ್ 5.1 ಪ್ರೊಫೈಲ್ ಆರಿಸಿ. ಮ್ಯಾಕ್‌ನಲ್ಲಿ 'ಆಡಿಯೊ ಮಿಡಿ ಸೆಟಪ್' ತೆರೆದು 'ಕಾನ್ಫಿಗರ್ ಸ್ಪೀಕರ್ಸ್' ಒತ್ತಿ.

ಹಂತ 6: ಪ್ಲೇಯರಿಗೂ ಹೇಳಿ

ವಿಂಡೋಸ್ ಪರೀಕ್ಷೆಯಲ್ಲಿ ಆರೂ ಸದ್ದು ಮಾಡಿ, ಸಿನಿಮಾದಲ್ಲಿ ಎರಡೇ ಮಾತಾಡಿದರೆ ತಪ್ಪು ಪ್ಲೇಯರಿನದು. ವಿಎಲ್‌ಸಿಯ ಆಡಿಯೊ ಮೆನುವಿನಲ್ಲಿ ಸರಿಯಾದ ಸಾಧನ ಆರಿಸಿದ್ದೀರಾ, 'ಸ್ಟೀರಿಯೊ ಮೋಡ್'ನಲ್ಲಿ ಸ್ಟೀರಿಯೊ ಎಂದು ಬಿಗಿ ಮಾಡಿಟ್ಟಿದ್ದೀರಾ ನೋಡಿ. ಆಪ್ಟಿಕಲ್ ಅಥವಾ ಹಳೆಯ ಆರ್ಕ್ ದಾರಿಯವರು ಪ್ರಿಫರೆನ್ಸಸ್‌ನ ಆಡಿಯೊ ಪುಟದಲ್ಲಿ ಪಾಸ್ ಥ್ರೂ ಚಾಲೂ ಮಾಡಬೇಕು. ಯುಎಸ್‌ಬಿ ಕಾರ್ಡಿನವರು ಅದನ್ನು ಮುಟ್ಟಬಾರದು.

ವಿಎಲ್‌ಸಿ ವಾಲ್ಯೂಮನ್ನು 100ರ ಮೇಲೆ ಏರಿಸಬೇಡಿ, ಅಲ್ಲಿಂದಾಚೆ ಸದ್ದು ಒಡೆಯುತ್ತದೆ. ವಿಂಡೋಸ್ ವಾಲ್ಯೂಮ್ 80-90ರಲ್ಲಿ ನಿಲ್ಲಿಸಿ, ಹೆಚ್ಚು ಕಡಿಮೆ ಮಾಡುವುದನ್ನು ಆಂಪ್ಲಿಫೈಯರಿನ ತಿರುಗಣೆಗೆ ಬಿಡಿ. ಲ್ಯಾಪ್‌ಟಾಪಿನಲ್ಲಿ ತಗ್ಗಿಸಿ ಆಂಪ್ಲಿಫೈಯರಿನಲ್ಲಿ ಪೂರ್ತಿ ಏರಿಸಿದರೆ 'ಸುಯ್' ಎನ್ನುವ ಗಾಳಿಸದ್ದೂ ಜೊತೆಗೇ ಏರುತ್ತದೆ.

ಹಂತ 7: ಕೋಣೆಯೇ ಏಳನೇ ಸ್ಪೀಕರ್

ಮುಂದಿನ ಎರಡು ಸ್ಪೀಕರಿನ ನಡುವಿನ ಅಂತರ, ನೀವು ಕೂರುವ ಜಾಗದಿಂದ ಒಂದೊಂದರ ದೂರ, ಮೂರೂ ಸಮ ಇರಲಿ. ಏಳು ಅಡಿ ದೂರ ಕೂತರೆ ಏಳು ಅಡಿ ಅಂತರ. ಆಗ ಒಂದೊಂದು ಸ್ಪೀಕರ್ ನಡುವಿನಿಂದ 30 ಡಿಗ್ರಿಯಲ್ಲಿರುತ್ತದೆ. ಹಿಂದಿನವು 100ರಿಂದ 120 ಡಿಗ್ರಿ, ಅಂದರೆ ನಿಮ್ಮ ಭುಜದಿಂದ ತುಸು ಹಿಂದಕ್ಕೆ, ಕಿವಿಗಿಂತ ಒಂದೆರಡು ಅಡಿ ಎತ್ತರದಲ್ಲಿ. ಅನೇಕರು ಅವನ್ನು ಸೂರಿನ ಮೂಲೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ. ಅಲ್ಲಿಂದ ಮಳೆಯ ಸದ್ದು ಮೇಲ್ಛಾವಣಿಯಲ್ಲಿ ಸಿಕ್ಕಿಕೊಂಡಂತೆ ಕೇಳುತ್ತದೆ.

ನಮ್ಮ ಕಡೆಯ ಹಾಲ್‌ಗಳಲ್ಲಿ ದಿವಾನ್ ಹಿಂಗೋಡೆಗೆ ಅಂಟಿಕೊಂಡೇ ಇರುತ್ತದೆ. ಹಿಂದೆ ಜಾಗವಿಲ್ಲವೆಂದು ಬೇಸರ ಬೇಡ, ಎರಡು ಪಕ್ಕದ ಗೋಡೆಗೆ ಹಾಕಿ. ಸಾಧ್ಯವಾದರೆ ದಿವಾನನ್ನು ಒಂದು ಅಡಿ ಮುಂದಕ್ಕೆ ಎಳೆಯಿರಿ, ಗೋಡೆಗೆ ತಲೆ ಆನಿಸಿ ಕೂತರೆ ಬೇಸ್ ಅತಿಯಾಗಿ ಗುಂಯ್‌ಗುಡುತ್ತದೆ. ಒಂದು ಕಡೆ ಅಡುಗೆಮನೆಗೆ ತೆರೆದ ಬಾಗಿಲಿದ್ದರೆ ಆ ಬದಿಯ ಸ್ಪೀಕರಿಗೆ ಸ್ಟ್ಯಾಂಡ್ ಬೇಕಾದೀತು.

ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಹೊಸ ಮನೆಗಳ ವಿಟ್ರಿಫೈಡ್ ಟೈಲ್ಸ್, ಎರಡೂ ಸದ್ದನ್ನು ಕನ್ನಡಿಯಂತೆ ತಿರುಗಿಸಿ ಎಸೆಯುತ್ತವೆ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. 'ಟ್ರ್‌ರ್' ಎಂದು ಬಾಲ ಬಂದರೆ ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ, ಬರಿಗೋಡೆಯ ಬಳಿ ಪುಸ್ತಕದ ಕಪಾಟು ತನ್ನಿ. ಮಾತು ಸ್ಪಷ್ಟವಾಗಲು ಹೊಸ ಸ್ಪೀಕರಿಗಿಂತ ಜಮಖಾನ ಹೆಚ್ಚು ಕೆಲಸ ಮಾಡಿದ ಮನೆಗಳನ್ನು ಕಂಡಿದ್ದೇನೆ.

ಸಬ್‌ವೂಫರಿನ ಜಾಗ ಹುಡುಕಲು ಅದನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಇರುವ ಹಾಡು ಹಾಕಿ, ಕೋಣೆಯ ಅಂಚಿನುದ್ದಕ್ಕೂ ಬಗ್ಗಿ ಕೇಳುತ್ತ ಹೋಗಿ. ಬೇಸ್ ತುಂಬಿಕೊಂಡು, ಆದರೆ ಗುಂಯ್‌ಗುಡದೆ ಕೇಳುವ ಜಾಗವೇ ಅದರ ಜಾಗ. ನೇರ ಮೂಲೆಗೆ ತಳ್ಳಿದರೆ ಪಕ್ಕದ ಮನೆಯವರಿಗೂ ಕಷ್ಟ.

ಹಂತ 8: ಮಟ್ಟ ಸರಿದೂಗಿಸಿ

ಫೋನನ್ನು ಕೂರುವ ಜಾಗದಲ್ಲಿ ಕಿವಿಯೆತ್ತರಕ್ಕೆ ಹಿಡಿದು, ಒಂದೊಂದೇ ಸ್ಪೀಕರಿನ ಪರೀಕ್ಷಾ ಸದ್ದು ಹಾಕಿ. ಆ್ಯಪ್ ತೋರಿಸುವ ಅಂಕಿ ಪ್ರಯೋಗಾಲಯದ ಅಂಕಿಯಲ್ಲ, ಆದರೆ ಐದೂ ಒಂದೇ ಅಂಕಿಗೆ ಬಂದರೆ ನಮ್ಮ ಕೆಲಸ ಆಯಿತು. ಮಾತು ಇನ್ನೂ ಮುಳುಗುತ್ತಿದ್ದರೆ ನಡುವಿನದನ್ನು ಒಂದೆರಡು ಡೆಸಿಬಲ್ ಏರಿಸಿ. ಹಿಂದಿನವನ್ನು 'ಕೇಳಿಸಲೇಬೇಕು' ಎಂದು ಏರಿಸುವುದು ಎಲ್ಲರೂ ಮಾಡುವ ತಪ್ಪು. ಬಹಳ ಹೊತ್ತು ಅವು ಸುಮ್ಮನಿರುವುದೇ ಸರಿ.

ರಿಸೀವರ್ ದೂರ ಕೇಳಿದರೆ ಟೇಪು ಹಿಡಿದು ಅಳೆದೇ ಬರೆಯಿರಿ. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಒಂದಡಿ ವ್ಯತ್ಯಾಸಕ್ಕೆ ಸುಮಾರು ಒಂದು ಸಾವಿರಾಂಶ ಸೆಕೆಂಡು ಹೆಚ್ಚು ಕಡಿಮೆಯಾಗುತ್ತದೆ, ರಿಸೀವರ್ ಅದನ್ನು ತಾನೇ ಸರಿಮಾಡುತ್ತದೆ.

ಹಂತ 9: 'ಗುಂಯ್' ಸದ್ದು ಮತ್ತು ಇತರ ಎಚ್ಚರಿಕೆಗಳು

ಏನೂ ಹಾಕದಿದ್ದರೂ ಗುಂಯ್ ಎನ್ನುತ್ತಿದೆಯೇ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್: ಲ್ಯಾಪ್‌ಟಾಪು, ಆಂಪ್ಲಿಫೈಯರು ಬೇರೆ ಬೇರೆ ದಾರಿಯಿಂದ ಅರ್ಥ್ ಆಗಿವೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಇದ್ದರೆ ಆಡಿಯೊ ಕೇಬಲ್ಲಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಸೇರಿಸಿ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವ ಕೆಲಸ ಯಾರೇ ಹೇಳಿದರೂ ಮಾಡಬೇಡಿ, ಅದು ಪ್ರಾಣಕ್ಕೆ ಅಪಾಯ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಎಂದರೆ ಗೋಡೆಯ ಸಾಕೆಟ್ಟಿಗೆ ಸರಿಯಾದ ಅರ್ಥ್ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆಂಪ್ಲಿಫೈಯರ್ ಹಾಕಬೇಡಿ.

ಕರೆಂಟು ಹೋಗಿ ಮನೆಯ ಯುಪಿಎಸ್ ಮೇಲೆ ಓಡುವಾಗ ಮಾತ್ರ 'ಜುಂಯ್' ಬರುತ್ತಿದ್ದರೆ ಯುಪಿಎಸ್ ಸ್ಕ್ವೇರ್ ವೇವ್ (ಕರೆಂಟಿನ ಅಲೆ ನುಣುಪಾಗಿರದ) ಮಾದರಿಯದಿರಬಹುದು. ಆಗ ಸೆಟ್ಟನ್ನು ಆರಿಸಿಡುವುದೇ ಒಳ್ಳೆಯದು. ಕರೆಂಟು ಹೋದ ಕೂಡಲೇ ಆಂಪ್ಲಿಫೈಯರಿನ ಸ್ವಿಚ್ ತೆಗೆಯುವ ಅಭ್ಯಾಸವಿರಲಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ಗನ್ನೇ ಕಿತ್ತಿಡಿ.

ತುಟಿ ಒಂದು ಕಡೆ, ಮಾತು ಒಂದು ಕಡೆಯಾದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳಿಂದ ಸದ್ದನ್ನು 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಸಬಹುದು. ಸುಟ್ಟ ವಾಸನೆ, ಆಂಪ್ಲಿಫೈಯರಿನ ಮೈ ಮುಟ್ಟಲಾಗದಷ್ಟು ಬಿಸಿ, ಒಂದು ಸ್ಪೀಕರಿನಲ್ಲಿ ಮಾತ್ರ ಕರಕರ ಸದ್ದು ಬಂದರೆ ಆ ಕ್ಷಣವೇ ಆರಿಸಿ.

ಸ್ಪೀಕರ್ ಕೊಳ್ಳಲಾಗದವರಿಗೆ, ಪಿಜಿಯಲ್ಲಿ ಇರುವವರಿಗೆ

ಮೈಸೂರಿನ ಒಂಟಿಕೊಪ್ಪಲು, ಸರಸ್ವತಿಪುರಂ ಕಡೆ ಕೋಣೆ ಹಂಚಿಕೊಂಡು ಓದುವ ಮಕ್ಕಳಿಗೆ ಆರು ಸ್ಪೀಕರ್ ಆಗದ ಮಾತು. ಅವರಿಗೆ ಒಳ್ಳೆಯ ವೈರ್ಡ್ ಹೆಡ್‌ಫೋನು ಸಾಕು. ವಿಂಡೋಸ್‌ನಲ್ಲೇ 'ವಿಂಡೋಸ್ ಸೋನಿಕ್ ಫಾರ್ ಹೆಡ್‌ಫೋನ್ಸ್' ಉಚಿತವಾಗಿದೆ. ಸೌಂಡ್ ಸೆಟಿಂಗ್‌ನಲ್ಲಿ ಹೆಡ್‌ಫೋನ್ ಒತ್ತಿ 'ಸ್ಪೇಷಿಯಲ್ ಸೌಂಡ್' ಕೆಳಗೆ ಆರಿಸಿ. 5.1 ಸಿನಿಮಾಕ್ಕೆ, ಗೇಮಿಗೆ ಹಾಕಿ, ಹಾಡು ಕೇಳುವಾಗ ತೆಗೆಯಿರಿ. ಹೆಡ್‌ಸೆಟ್ಟಿನ ಸ್ವಂತ '7.1' ಸಾಫ್ಟ್‌ವೇರ್ ಮತ್ತು ಇದು ಎರಡೂ ಒಟ್ಟಿಗೆ ಇದ್ದರೆ ಬಾವಿಯೊಳಗಿಂದ ಕೂಗಿದಂತಾಗುತ್ತದೆ. ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಮೈಕ್ ಚಾಲೂ ಆದಾಗ ಸದ್ದು ಟೆಲಿಫೋನಿನಂತಾದರೆ ಮೈಕ್ ಬಳಸುತ್ತಿರುವ ಆ್ಯಪ್ ಮುಚ್ಚಿ.

ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಬಹಳಷ್ಟು ಮಾದರಿಗಳಲ್ಲಿ ಕೆಳಮುಖವಾಗಿರುತ್ತದೆ. ಹಾಸಿಗೆ ದಿಂಬಿನ ಮೇಲಿಡದೆ ಮರದ ಮಣೆಯ ಮೇಲಿಟ್ಟರೆ ಆಗಲೇ ವ್ಯತ್ಯಾಸ ತಿಳಿಯುತ್ತದೆ. ಜಾಲರಿಯ ಧೂಳನ್ನು ಒಣಗಿದ ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಮಾತು ಕೇಳದಿದ್ದರೆ ಪ್ರಾಪರ್ಟೀಸ್‌ನ 'ಎನ್‌ಹಾನ್ಸ್‌ಮೆಂಟ್ಸ್' ಪುಟದಲ್ಲಿ 'ಲೌಡ್‌ನೆಸ್ ಈಕ್ವಲೈಸೇಶನ್' ಇದ್ದರೆ ಟಿಕ್ ಹಾಕಿ. ಈಕ್ವಲೈಜರಿನಲ್ಲಿ ಬೇಸ್ ಏರಿಸಬೇಡಿ. ಆ ಪುಟ್ಟ ಕೋನುಗಳಿಗೆ ಅದನ್ನು ನುಡಿಸುವ ಶಕ್ತಿಯಿಲ್ಲ, ಪಟಪಟ ಒದರಿ ಹಾಳಾಗುತ್ತವೆ.

ಹಂತ 10: ಗುರುತು ಹಾಕಿ ಮುಗಿಸಿ

ಎಲ್ಲ ಸರಿಯಾದ ದಿನವೇ ಪ್ರತಿ ಕೇಬಲ್ಲಿನ ಎರಡೂ ತುದಿಗೆ ಮಾಸ್ಕಿಂಗ್ ಟೇಪು ಸುತ್ತಿ 'ಹಿಂದೆ ಎಡ', 'ನಡು', 'ಸಬ್' ಎಂದು ಬರೆಯಿರಿ. ಆಂಪ್ಲಿಫೈಯರಿನ ಬೆನ್ನು ಮತ್ತು ವಿಂಡೋಸ್‌ನ ಕಾನ್ಫಿಗರ್ ಪುಟದ ಫೋಟೊ ತೆಗೆದಿಡಿ. ಡ್ರೈವರ್ ಅಥವಾ ವಿಂಡೋಸ್ ಅಪ್‌ಡೇಟ್ ಆದ ಮೇಲೆ 5.1 ಹೋಗಿ ಸ್ಟೀರಿಯೊಗೆ ಮರಳುವುದುಂಟು. ಯುಎಸ್‌ಬಿ ಕಾರ್ಡನ್ನು ಬೇರೆ ಪೋರ್ಟಿಗೆ ಹಾಕಿದರೂ ಹಾಗಾಗಬಹುದು. ಮುಂದೊಂದು ದಿನ ಹಿಂದಿನ ಸ್ಪೀಕರ್ ಇದ್ದಕ್ಕಿದ್ದಂತೆ ಸುಮ್ಮನಾದರೆ ವೈರಿಗೆ ಕೈ ಹಾಕುವ ಮೊದಲು ಐದನೇ ಹಂತದ 'ಟೆಸ್ಟ್' ಗುಂಡಿ ಒತ್ತಿ ನೋಡಿ.